ವಿವೇಕ ಅಂದರೆ ಏನು? ಬುದ್ಧಿ, ಜ್ಞಾನದ ಪಕ್ಕ ಇಟ್ಟು ನೋಡೋಣ

ವಿವೇಕ ಅಂದರೆ ಜ್ಞಾನ ಅಂತ ಬರೆದು ಮುಂದೆ ಹೋದರೆ ಅರ್ಧ ಅರ್ಥ ಕೈತಪ್ಪುತ್ತದೆ. ಸುಳಿವು ಪದದ ಒಳಗೇ ಇದೆ. ಸಂಸ್ಕೃತದ 'ವಿಚ್' ಧಾತುವಿಗೆ ಬೇರ್ಪಡಿಸು ಅಂತ ಅರ್ಥ, ಅದರ ಮೊದಲಿಗೆ 'ವಿ' ಸೇರಿ ವಿವೇಕ ಆಯಿತು. ಕಲಸಿಹೋದದ್ದನ್ನು ಬಿಡಿಸಿ ನೋಡುವುದು ಅಂತ ಇಟ್ಟುಕೊಳ್ಳಿ: ಇದು ಬೇಕು, ಇದು ಬೇಡ, ಈ ಮಾತು ನಿಜ ಆದರೆ ಈಗ ಹೇಳುವಂಥದ್ದಲ್ಲ. ವೇದಾಂತದ 'ನಿತ್ಯಾನಿತ್ಯ ವಿವೇಕ'ವೂ ಇದೇ ಕೆಲಸ, ಉಳಿಯುವುದು ಯಾವುದು ಅಳಿಯುವುದು ಯಾವುದು ಅಂತ ಬೇರೆ ಮಾಡುವುದು. 'ವಿವೇಚನೆ'ಯದೂ ಇದೇ ಧಾತು.

ಈಗ ಬುದ್ಧಿ. ಒಬ್ಬ ಕಳ್ಳನನ್ನು ಬುದ್ಧಿವಂತ ಅನ್ನಬಹುದು, ವಿವೇಕಿ ಅನ್ನೋಕೆ ಬಾಯಿ ಬರುವುದಿಲ್ಲ ಅಲ್ವಾ? ಬುದ್ಧಿ ಜಾಸ್ತಿಯಾದರೆ 'ಅತಿಬುದ್ಧಿವಂತ' ಅಂತ ಬೈಯುತ್ತೇವೆ. 'ಅತಿವಿವೇಕಿ' ಅಂತ ಬೈದದ್ದನ್ನು ನಾನಂತೂ ಕೇಳಿಲ್ಲ. ಬುದ್ಧಿ ಯಾವ ಕೆಲಸಕ್ಕೂ ಸಿಗುತ್ತದೆ, ಆ ಕೆಲಸ ಮಾಡಬೇಕಾ ಬೇಡವಾ ಅಂತ ಕೇಳುವುದು ವಿವೇಕ. ಈ ಒಂದು ವ್ಯತ್ಯಾಸ ಹಿಡಿದರೆ ಉಳಿದದ್ದು ಸುಲಭ.

ಜ್ಞಾನದ ವಿಷಯವೂ ಹಾಗೇ. ವೈದ್ಯರಿಗೆ ರೋಗದ ಬಗ್ಗೆ ಪೂರ್ತಿ ಗೊತ್ತಿರುತ್ತದೆ, ಅದು ಜ್ಞಾನ. ಹೆದರಿ ಕೂತ ರೋಗಿಗೆ ಯಾವುದನ್ನು ಮೊದಲು, ಯಾವ ದನಿಯಲ್ಲಿ ಹೇಳಬೇಕು ಅನ್ನುವುದು ಪುಸ್ತಕದಲ್ಲಿ ಇರುವುದಿಲ್ಲ. ಗ್ರೀಕರ ಅರಿಸ್ಟಾಟಲ್ ಇದಕ್ಕೆ ಎರಡು ಪದ ಬೇರೆ ಬೇರೆ ಇಟ್ಟ: ಮೂಲತತ್ವಗಳ ಆಳವಾದ ತಿಳಿವಳಿಕೆಗೆ 'ಸೋಫಿಯಾ', ಬದುಕಿನಲ್ಲಿ ಸರಿಯಾಗಿ ತೀರ್ಮಾನಿಸುವುದಕ್ಕೆ 'ಫ್ರೊನೇಸಿಸ್'. ಚಿಕ್ಕ ವಯಸ್ಸಿನವರು ಗಣಿತದಲ್ಲಿ ಪಳಗಬಹುದು, ಫ್ರೊನೇಸಿಸ್ ಮಾತ್ರ ಅನುಭವ ಬೇಡುತ್ತದೆ ಅಂತ ಅವನ ವಾದ. ನನಗೆ ಇದು ತುಂಬಾ ಸರಿ ಅನಿಸುತ್ತದೆ.

ಗಾದೆಗಳಲ್ಲಿ ಸ್ವಲ್ಪ ಹುಷಾರು. 'ಓದು ಒಕ್ಕಾಲು, ಬುದ್ಧಿ ಮುಕ್ಕಾಲು', 'ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು': ಎರಡರಲ್ಲೂ ಬುದ್ಧಿ ಅಂದಿರುವುದು ಹೆಚ್ಚುಕಡಿಮೆ ವಿವೇಕವನ್ನೇ. ಜೊತೆಗೆ ಬರುವ ಕ್ರಿಯಾಪದವನ್ನೂ ನೋಡಿ. 'ಬುದ್ಧಿ ಹೇಳಿದರು' ಅಂದರೆ ಪ್ರೀತಿಯಿಂದ ತಿದ್ದಿದರು, 'ಬುದ್ಧಿ ಕಲಿಸ್ತೀನಿ' ಅಂದರೆ ಬೆದರಿಕೆ.

ದಿನದ ಮಾತಿನಲ್ಲಿ ವಿವೇಕ ಜಾಸ್ತಿ ಕಿವಿಗೆ ಬೀಳುವುದು ಅದು ಇಲ್ಲದಾಗಲೇ. 'ಅಷ್ಟೂ ವಿವೇಕ ಬೇಡ್ವಾ?', 'ಎಂಥಾ ಅವಿವೇಕ!' ಇವನ್ನು ಸುಮ್ನೆ ಜೋರಾಗಿ ಹೇಳಿ ನೋಡಿ. ಗೊತ್ತಿಲ್ಲದವರಿಗೆ ಈ ಮಾತು ಅನ್ನುವುದಿಲ್ಲ, ಗೊತ್ತಿದ್ದೂ ಯೋಚಿಸದವರಿಗೆ ಅನ್ನುತ್ತೇವೆ.