ಒಂದೇ ಥರದ ಕೊಲೆ ಕೇಸು: ಒಂದು ಕೋರ್ಟಿನಲ್ಲಿ ಜೀವಾವಧಿ, ಇನ್ನೊಂದರಲ್ಲಿ ಖುಲಾಸೆ ಯಾಕೆ?

ಓದುಗರ ಪ್ರಶ್ನೆ: ಮಂಗಳೂರಿನಲ್ಲಿ ಒಂದು ಕೊಲೆ ಕೇಸಿಗೆ ಜೀವಾವಧಿ ಆಯಿತು. ಹೆಚ್ಚುಕಮ್ಮಿ ಅಂಥದ್ದೇ ಕೇಸಿನಲ್ಲಿ ಉಡುಪಿಯಲ್ಲಿ ಆರೋಪಿ ಹೊರಗೆ ಬಂದ. ಎಲ್ಲ ಜಡ್ಜ್ ಮೇಲೆ ಹೋಗುತ್ತದಾ?

ಉತ್ತರ: ಸ್ವಲ್ಪ ಹೋಗುತ್ತದೆ. ನಾವು ಅಂದುಕೊಂಡಷ್ಟಲ್ಲ.

ಕೊಲೆ ಸಾಬೀತಾದರೆ ಜಡ್ಜ್ ಮುಂದೆ ಇರುವುದು ಎರಡೇ ಶಿಕ್ಷೆ: ಜೀವಾವಧಿ ಇಲ್ಲವೇ ಮರಣದಂಡನೆ. ಹಳೆಯ ಭಾರತೀಯ ದಂಡ ಸಂಹಿತೆಯ (ಐಪಿಸಿ) ಸೆಕ್ಷನ್ 302 ಆದರೂ ಅಷ್ಟೇ, 2024ರ ಜುಲೈ 1ರಿಂದ ನಡೆದ ಘಟನೆಗಳಿಗೆ ಹಾಕುವ ಭಾರತೀಯ ನ್ಯಾಯ ಸಂಹಿತೆಯ (ಬಿಎನ್‌ಎಸ್) ಸೆಕ್ಷನ್ 103 ಆದರೂ ಅಷ್ಟೇ. ಪಾಪ ಅಂತ ಏಳು ವರ್ಷಕ್ಕೆ ಇಳಿಸಲು ಮಂಗಳೂರಿನಲ್ಲೂ ಆಗದು, ಕುಂದಾಪುರದಲ್ಲೂ ಆಗದು.

ಕೇಸು ಹೆಚ್ಚಾಗಿ ಬೀಳುವುದು ಸಾಕ್ಷಿಗಳು ಕಟಕಟೆ ಹತ್ತಿದಾಗ. ಆರೋಪಿ ತೋರಿಸಿದ ಪೊದೆಯಿಂದ ಕತ್ತಿ ತೆಗೆಯುವಾಗ ಪಂಚರಾಗಿ, ಅಂದರೆ ಪೊಲೀಸರು ಅದನ್ನು ವಶಕ್ಕೆ ತೆಗೆದುಕೊಂಡದ್ದಕ್ಕೆ ಸಾಕ್ಷಿಯಾಗಿ, ಬರುವುದು ಹತ್ತಿರದ ಅಂಗಡಿಯವರು, ರಿಕ್ಷಾದವರು. ವರ್ಷಗಳು ಕಳೆದು ಸಮನ್ಸ್ ಬರುತ್ತದೆ. "ಕತ್ತಿ ನಾನು ನೋಡಿಲ್ಲ ಸ್ವಾಮಿ, ಸ್ಟೇಷನ್ನಿನಲ್ಲಿ ಸಹಿ ಹಾಕಿದ್ದಷ್ಟೇ" ಅಂದುಬಿಟ್ಟರೆ ಮಹಜರಿಗೆ (ಪಂಚರ ಮುಂದೆ ಪೊಲೀಸರು ಬರೆದ ದಾಖಲೆಗೆ) ಬಲ ಎಲ್ಲಿ ಉಳಿಯಿತು? ಬೋಟು ನಿಲ್ಲುವ ದಕ್ಕೆಯಲ್ಲಿ ನಡೆದ ಜಗಳವಾದರೆ ಇನ್ನೂ ಕಷ್ಟ. ಕಣ್ಣಾರೆ ಕಂಡ ಬೋಟಿನ ಕೆಲಸಗಾರ ಅಷ್ಟರಲ್ಲಿ ಒಡಿಶಾದ ಯಾವುದೋ ಊರು ಸೇರಿರುತ್ತಾನೆ. ನಮ್ಮೂರಿನವನೇ ಆದರೆ ಗಲ್ಫಿನಲ್ಲಿ!

ಜಡ್ಜ್ ಪಾತ್ರ ಬರುವುದು ಇಲ್ಲೇ. ಸಾಕ್ಷಿ ಉಲ್ಟಾ ಹೊಡೆದ ಮಾತ್ರಕ್ಕೆ ಅವನ ಮಾತೆಲ್ಲ ಬಿದ್ದುಹೋಗುವುದಿಲ್ಲ, ನಂಬುವಂಥ ಭಾಗ ಇಟ್ಟುಕೊಳ್ಳಬಹುದು. ತನಿಖಾಧಿಕಾರಿಯ ಮಾತನ್ನೇ ನಂಬಲೂಬಹುದು. ಒಬ್ಬರು ನಂಬುತ್ತಾರೆ, ಇನ್ನೊಬ್ಬರಿಗೆ ಸಂಶಯ. ಸಂಶಯ ಬಂದರೆ ಲಾಭ ಆರೋಪಿಗೆ. ಸಾಕ್ಷಿಯನ್ನು ಎದುರಿಗೆ ಕಂಡ ಜಡ್ಜ್ ವರ್ಗವಾಗಿ, ತೀರ್ಪು ಬರೆಯುವವರು ಬೇರೆಯವರಾಗುವುದೂ ಉಂಟು.

ಸೆಕ್ಷನ್ ಕೂಡ ನೋಡಬೇಕು. ಗಡಂಗಿನ (ಸಾರಾಯಿ ಅಂಗಡಿಯ) ಎದುರು ಮಾತಿಗೆ ಮಾತು ಬೆಳೆದು, ಕೈಗೆ ಸಿಕ್ಕ ಸೋಂಟೆಯಿಂದ ಒಂದೇ ಏಟು ಹೊಡೆದದ್ದು ಬೇರೆ, ಕತ್ತಿ ಹಿಡಿದು ಕಾದು ಕಡಿದದ್ದು ಬೇರೆ. ಮೊದಲನೆಯದು ಕೊಲೆಯಲ್ಲದ ನರಹತ್ಯೆ ಆಗಬಹುದು (ಐಪಿಸಿ 304, ಈಗ ಬಿಎನ್‌ಎಸ್ 105). ಕೊಲ್ಲುವ ಉದ್ದೇಶ ಇರಲಿಲ್ಲ ಅಂತಾದರೆ ಹೆಚ್ಚೆಂದರೆ ಹತ್ತು ವರ್ಷ. ಪೇಪರಿನ ಹೆಡ್ಡಿಂಗಿನಲ್ಲಿ ಮಾತ್ರ ಎರಡೂ "ಕೊಲೆ".

ಕೋರ್ಟು ಬದಲಾಗದಿದ್ದರೂ ಫಲ ಬದಲಾಗುತ್ತದೆ ಅನ್ನುವುದಕ್ಕೆ ಹಲವು ಯುವತಿಯರನ್ನು ಸಯನೈಡ್ ಕೊಟ್ಟು ಕೊಂದ ಆರೋಪದ ಸಯನೈಡ್ ಮೋಹನನ ಕೇಸುಗಳೇ ಇವೆಯಲ್ಲ. ಆರೋಪಿ ಒಬ್ಬನೇ, ಕೊಂದ ರೀತಿಯೂ ಒಂದೇ. 2013ರಲ್ಲಿ ಮಂಗಳೂರಿನ ಕೋರ್ಟು ಮರಣದಂಡನೆ ಕೊಟ್ಟಿತು. 2017ರಲ್ಲಿ ಹೈಕೋರ್ಟು ಒಂದು ಪ್ರಕರಣದಲ್ಲಿ ಅದನ್ನು ಜೀವಾವಧಿಗೆ ಇಳಿಸಿತು, ಇನ್ನೊಂದರಲ್ಲಿ ಕೊಲೆ ಆರೋಪದಿಂದಲೇ ಬಿಟ್ಟಿತು. ಒಂದು ಕೇಸಿನ ಸಾಕ್ಷ್ಯವನ್ನು ಇನ್ನೊಂದಕ್ಕೆ ಸಾಲ ಕೊಡಲು ಬರುವುದಿಲ್ಲ.

ಹಾಗಾಗಿ "ಆ ಕೋರ್ಟು ಸಡಿಲ, ಈ ಕೋರ್ಟು ಬಿಗಿ" ಅನ್ನುವ ಲೆಕ್ಕ ನನಗಂತೂ ಒಪ್ಪಿಗೆಯಿಲ್ಲ. ಸಣ್ಣ ಕೋರ್ಟಿನಲ್ಲಿ ತೀರ್ಪಾಗುವ ಕೊಲೆ ಕೇಸುಗಳೇ ಕಡಿಮೆ. ಒಂದೆರಡು ಖುಲಾಸೆಯಾದರೆ ಶೇಕಡಾವಾರು ತಲೆಕೆಳಗಾಗುತ್ತದೆ. ಅದರ ಬದಲು ಇ-ಕೋರ್ಟ್ಸ್ ವೆಬ್‌ಸೈಟಿನಲ್ಲಿ ಎರಡೂ ತೀರ್ಪು ತೆಗೆದು ನೋಡಿ. ಕೊನೆಯಲ್ಲಿ ಸಾಕ್ಷಿಗಳ ಪಟ್ಟಿ ಇರುತ್ತದೆ. ಅವರಲ್ಲಿ ಯಾರು ನಿಂತರು, ಯಾರು ತಿರುಗಿಬಿದ್ದರು ಅನ್ನುವುದು ತೀರ್ಪಿನ ಒಳಗೇ ಸಿಗುತ್ತದೆ.