ಸೆತಲ್ವಾಡ್ ತಂದೆ, ಸೆತಲ್ವಾಡ್ ಮಗ: ಹಂಟರ್ ಸಮಿತಿಯಿಂದ 1973ರವರೆಗೆ

ಆಧುನಿಕ ಭಾರತದ ಇತಿಹಾಸವನ್ನೂ ಸಂವಿಧಾನವನ್ನೂ ಓದುವವರಿಗೆ ಸೆತಲ್ವಾಡ್ ಎಂಬ ಹೆಸರು ಎರಡು ಬೇರೆ ಬೇರೆ ಪಾಠಗಳಲ್ಲಿ ಎದುರಾಗುತ್ತದೆ. ಜಲಿಯನ್‌ವಾಲಾ ಬಾಗ್ ಹತ್ಯಾಕಾಂಡದ ವಿಚಾರಣೆಯ ಪಾಠದಲ್ಲಿ ಬರುವವರು ಸರ್ ಚಿಮನ್‌ಲಾಲ್ ಸೆತಲ್ವಾಡ್. ಗಣರಾಜ್ಯದ ಮೊದಲ ಅಟಾರ್ನಿ ಜನರಲ್ ಎಂದು ಬರುವವರು ಅವರ ಮಗ ಮೋತಿಲಾಲ್ ಚಿಮನ್‌ಲಾಲ್ ಸೆತಲ್ವಾಡ್. ಪರೀಕ್ಷೆಗೆ ಇಬ್ಬರನ್ನೂ ಬಿಡಿಬಿಡಿಯಾಗಿ ನೆನಪಿಟ್ಟುಕೊಂಡರೆ ಸಾಕಾಗಬಹುದು. ಆದರೆ ಒಟ್ಟಿಗೆ ಓದಿದಾಗ ಇಬ್ಬರ ಬದುಕಿನಲ್ಲೂ ಒಂದೇ ಪ್ರಶ್ನೆ ಕಾಣುತ್ತದೆ: ಸರ್ಕಾರವೇ ಕರೆದು ಕೂರಿಸಿದ ಸ್ಥಾನದಲ್ಲಿದ್ದುಕೊಂಡು ಸರ್ಕಾರಕ್ಕೆ ಒಗ್ಗದ ಮಾತನ್ನು ದಾಖಲೆಗೆ ತರಲು ಸಾಧ್ಯವೇ? ಈ ಟಿಪ್ಪಣಿಯನ್ನು ಆ ಪ್ರಶ್ನೆಯ ಸುತ್ತಲೇ ಬರೆದಿದ್ದೇನೆ.

ಚಿಮನ್‌ಲಾಲ್ ಬೊಂಬಾಯಿ ಹೈಕೋರ್ಟಿನ ಹೆಸರಾಂತ ವಕೀಲರಾಗಿದ್ದರೂ ಅವರನ್ನು ರಾಜಕಾರಣಿ ಎಂದೇ ಗುರುತಿಸುವುದು ಸರಿ. ಅವರು ಫಿರೋಜ್‌ಶಾ ಮೆಹ್ತಾ ಮತ್ತು ಗೋಖಲೆಯವರ ಮಂದಗಾಮಿ ಪರಂಪರೆಗೆ ಸೇರಿದವರು. ಬ್ರಿಟಿಷರು ಮುಂದಿಟ್ಟ ಮಾಂಟೆಗು-ಚೆಲ್ಮ್ಸ್‌ಫರ್ಡ್ ಆಡಳಿತ ಸುಧಾರಣೆಗಳ ವಿಷಯದಲ್ಲಿ ಭಿನ್ನಾಭಿಪ್ರಾಯ ಬಂದು ಮಂದಗಾಮಿಗಳು 1918ರಲ್ಲಿ ಕಾಂಗ್ರೆಸ್ಸಿನಿಂದ ದೂರ ಸರಿದಾಗ ಅವರು ಲಿಬರಲ್ ಪಕ್ಷದ ಮುಂದಾಳುಗಳಲ್ಲಿ ಒಬ್ಬರಾದರು. 1917ರಿಂದ 1929ರವರೆಗೆ ಬೊಂಬಾಯಿ ವಿಶ್ವವಿದ್ಯಾಲಯದ ಕುಲಪತಿಯಾಗಿದ್ದರು, 1920ರ ದಶಕದ ಆರಂಭದಲ್ಲಿ ಬೊಂಬಾಯಿ ಸರ್ಕಾರದ ಕಾರ್ಯಕಾರಿ ಮಂಡಳಿಯಲ್ಲಿದ್ದರು, ಮುಂದೆ ದುಂಡುಮೇಜಿನ ಪರಿಷತ್ತಿಗೂ ಹೋದರು. 1924ರಲ್ಲಿ ಅಂಬೇಡ್ಕರ್ ಅವರು ದಲಿತರ ಏಳಿಗೆಗಾಗಿ ಬಹಿಷ್ಕೃತ ಹಿತಕಾರಿಣಿ ಸಭಾ ಕಟ್ಟಿದಾಗ ಅದರ ಅಧ್ಯಕ್ಷ ಸ್ಥಾನವನ್ನು ಒಪ್ಪಿಕೊಂಡವರು ಇದೇ ಚಿಮನ್‌ಲಾಲ್ ಎಂಬುದು ಪಠ್ಯಗಳಲ್ಲಿ ಹೆಚ್ಚಾಗಿ ಬಿಟ್ಟುಹೋಗುವ ಸಂಗತಿ.

ಅವರ ಬದುಕಿನ ಅತ್ಯಂತ ಮಹತ್ವದ ಅಧ್ಯಾಯ 1919ರದು. ಪಂಜಾಬಿನ ಗಲಭೆಗಳ ತನಿಖೆಗೆಂದು ಆ ವರ್ಷದ ಅಕ್ಟೋಬರ್‌ನಲ್ಲಿ ಲಾರ್ಡ್ ಹಂಟರ್ ಅಧ್ಯಕ್ಷತೆಯ ಸಮಿತಿ ನೇಮಕವಾಯಿತು. ಅದರಲ್ಲಿ ಮೂವರು ಭಾರತೀಯ ಸದಸ್ಯರಿದ್ದರು: ಚಿಮನ್‌ಲಾಲ್, ಪಂಡಿತ್ ಜಗತ್ ನಾರಾಯಣ್ ಮತ್ತು ಸಾಹಿಬ್‌ಜಾದಾ ಸುಲ್ತಾನ್ ಅಹ್ಮದ್ ಖಾನ್. ಕಾಂಗ್ರೆಸ್ಸು ಸಮಿತಿಯನ್ನು ಬಹಿಷ್ಕರಿಸಿ ತನ್ನದೇ ವಿಚಾರಣೆ ನಡೆಸಿತು. ಹೀಗಾಗಿ ಸರ್ಕಾರಿ ಸಮಿತಿಯಲ್ಲಿ ಕುಳಿತ ಲಿಬರಲ್ಲರನ್ನು ಜನ ಅನುಮಾನದಿಂದ ನೋಡುವಂತಾಗಿತ್ತು. ಆದರೆ ನವೆಂಬರ್ 19ರಂದು ಲಾಹೋರಿನಲ್ಲಿ, ಜಲಿಯನ್‌ವಾಲಾ ಬಾಗ್‌ನಲ್ಲಿ ಗುಂಡು ಹಾರಿಸಲು ಆದೇಶಿಸಿದ್ದ ಜನರಲ್ ಡಯರ್ ಸಾಕ್ಷಿ ಹೇಳಲು ಬಂದಾಗ ಆತನ ಬಾಯಿಂದಲೇ ನಿಜ ಹೊರಬಂದದ್ದು ಮುಖ್ಯವಾಗಿ ಚಿಮನ್‌ಲಾಲ್ ಕೇಳಿದ ಪ್ರಶ್ನೆಗಳಿಂದ.

ಆ ಪ್ರಶ್ನೆಗಳ ಕ್ರಮವನ್ನು ಕಾನೂನು ವಿದ್ಯಾರ್ಥಿಗಳು ವಿಶೇಷವಾಗಿ ಗಮನಿಸಬೇಕು. ಡಯರ್ ತನ್ನೊಂದಿಗೆ ಮೆಷಿನ್‌ಗನ್ ಹೊತ್ತ ಎರಡು ಶಸ್ತ್ರಸಜ್ಜಿತ ಕಾರುಗಳನ್ನು ತಂದಿದ್ದ. ಬಾಗ್‌ನ ದಾರಿ ಇಕ್ಕಟ್ಟಾಗಿದ್ದರಿಂದ ಅವು ಒಳಗೆ ಹೋಗಲಿಲ್ಲ. ದಾರಿ ಅಗಲವಾಗಿದ್ದು ಕಾರುಗಳು ಒಳಗೆ ಹೋಗುವಂತಿದ್ದರೆ ಮೆಷಿನ್‌ಗನ್ನುಗಳಿಂದಲೇ ಗುಂಡು ಹಾರಿಸುತ್ತಿದ್ದಿರಾ ಎಂದು ಚಿಮನ್‌ಲಾಲ್ ಕೇಳಿದರು. ಬಹುಶಃ ಹೌದು ಎಂದು ಡಯರ್ ಉತ್ತರಿಸಿದ. ಹಾಗಾಗಿದ್ದರೆ ಸಾವುನೋವು ಇನ್ನೂ ಹೆಚ್ಚಾಗುತ್ತಿತ್ತಲ್ಲವೇ ಎಂಬ ಮುಂದಿನ ಪ್ರಶ್ನೆಗೂ ಆತ ಹೌದೆಂದ. ಗಾಯಾಳುಗಳ ಆರೈಕೆ ತನ್ನ ಕೆಲಸವಾಗಿರಲಿಲ್ಲ ಎಂದೂ ಹೇಳಿದ. 1,650 ಗುಂಡುಗಳು ಹಾರಿದ್ದವೆಂಬುದು, ಅಧಿಕೃತ ಲೆಕ್ಕದಲ್ಲಿ 379 ಮಂದಿ ಸತ್ತರೆಂಬುದು ಅಂಕಿಗಳು. ಆ ಅಂಕಿಗಳ ಹಿಂದೆ ಇದ್ದದ್ದು ಗುಂಪನ್ನು ಚದುರಿಸುವ ಉದ್ದೇಶವಲ್ಲ, ಇಡೀ ಪ್ರಾಂತವನ್ನು ಹೆದರಿಸುವ ಉದ್ದೇಶ ಎಂಬುದು ಸ್ಪಷ್ಟವಾದದ್ದು ಈ ಪಾಟೀಸವಾಲಿನಲ್ಲಿ. ಸಾಕ್ಷಿಯ ಮೇಲೆ ಹರಿಹಾಯದೆ, ಆತನ ಆತ್ಮವಿಶ್ವಾಸಕ್ಕೆ ಎಡೆಕೊಟ್ಟು, ಒಂದೊಂದೇ ಹೆಜ್ಜೆ ಮುಂದೆ ಕರೆದೊಯ್ಯುವ ಈ ವಿಧಾನಕ್ಕಿಂತ ಉತ್ತಮವಾದ ಉದಾಹರಣೆ ನನಗೆ ಸಿಕ್ಕಿಲ್ಲ.

ಸಮಿತಿಯೊಳಗಿನ ಸಂಬಂಧ ಕೊನೆಗೆ ಎಷ್ಟು ಹದಗೆಟ್ಟಿತೆಂದರೆ, ನೀವೆಲ್ಲ ಬ್ರಿಟಿಷರನ್ನು ದೇಶದಿಂದ ಓಡಿಸಬೇಕೆಂದಿದ್ದೀರಿ ಎಂದು ಹಂಟರ್ ತಮ್ಮ ಮೇಲೆ ಸಿಡಿದುಬಿದ್ದದ್ದನ್ನು ಚಿಮನ್‌ಲಾಲ್ ತಮ್ಮ ನೆನಪುಗಳಲ್ಲಿ ದಾಖಲಿಸಿದ್ದಾರೆ. ಪರಕೀಯ ಆಳ್ವಿಕೆಯಿಂದ ಬಿಡುಗಡೆ ಬಯಸುವುದು ನ್ಯಾಯವಾದುದೇ, ಸೌಹಾರ್ದದಿಂದಲೇ ಅದು ಸಾಧ್ಯ, ಓಡಿಸುವ ಅಗತ್ಯ ಬರುವುದು ನಿಮ್ಮಂಥ ಅಸಹನೆಯವರು ಇಲ್ಲಿ ಬ್ರಿಟನ್ನಿನ ಪ್ರತಿನಿಧಿಗಳಾದರೆ ಮಾತ್ರ ಎಂಬರ್ಥದ ಉತ್ತರವನ್ನು ಅವರು ಕೊಟ್ಟರು. 1920ರಲ್ಲಿ ಹೊರಬಂದ ಬಹುಮತದ ವರದಿ ಡಯರ್‌ನನ್ನು ಟೀಕಿಸಿದರೂ ಪಂಜಾಬಿನಲ್ಲಿ ಮಾರ್ಷಲ್ ಲಾ, ಅಂದರೆ ಸೇನಾ ಆಡಳಿತ, ಹೇರಿದ್ದನ್ನು ಸಮರ್ಥಿಸಿತು. ಮೂವರು ಭಾರತೀಯರು ಬೇರೆಯೇ ವರದಿ ಬರೆದು, ಅಲ್ಲಿ ಬಂಡಾಯವೇ ಇರಲಿಲ್ಲ, ಆದ್ದರಿಂದ ಮಾರ್ಷಲ್ ಲಾ ಸಲ್ಲದು ಎಂದರು. ಮಂದಗಾಮಿ ಎಂಬ ಪದವನ್ನು ಹೇಡಿತನದ ಹತ್ತಿರ ಇಟ್ಟು ಓದುವ ಅಭ್ಯಾಸ ನಮ್ಮಲ್ಲಿದೆ. ಈ ಅಲ್ಪಮತದ ವರದಿಯನ್ನು ಓದಿದವರು ಆ ಅಭ್ಯಾಸವನ್ನು ಬಿಡಬೇಕಾಗುತ್ತದೆ.

ಮಗ ಮೋತಿಲಾಲ್ ಹುಟ್ಟಿದ್ದು 1884ರಲ್ಲಿ. ತಂದೆಯ ರಾಜಕೀಯವನ್ನು ಅವರು ಮುಂದುವರಿಸಲಿಲ್ಲ. ಭೂಲಾಭಾಯಿ ದೇಸಾಯಿಯವರ ಚೇಂಬರಿನಲ್ಲಿ ವೃತ್ತಿ ಕಲಿತು, 1937ರಲ್ಲಿ ಬೊಂಬಾಯಿಯ ಅಡ್ವೊಕೇಟ್ ಜನರಲ್ ಆದರು. 1947ರ ಜುಲೈನಲ್ಲಿ ಲಾಹೋರಿನಲ್ಲಿ, ಭಾರತ-ಪಾಕಿಸ್ತಾನಗಳ ನಡುವೆ ಪಂಜಾಬನ್ನು ಹಂಚುವ ಗಡಿ ಆಯೋಗದ ಮುಂದೆ ಕಾಂಗ್ರೆಸ್ಸಿನ ಪರವಾಗಿ ವಾದಿಸಿದರು. ತಂದೆ ಡಯರ್‌ನನ್ನು ಪ್ರಶ್ನಿಸಿದ್ದ ನಗರದಲ್ಲೇ ಮಗ ದೇಶದ ಗಡಿಗಾಗಿ ವಾದಿಸಿದ ಆ ವರ್ಷದ ಕೊನೆಯಲ್ಲಿ ಚಿಮನ್‌ಲಾಲ್ ತೀರಿಕೊಂಡರು.

1950ರ ಜನವರಿಯಿಂದ 1963ರವರೆಗೆ ಮೋತಿಲಾಲ್ ಅಟಾರ್ನಿ ಜನರಲ್ ಆಗಿದ್ದರು. ಇಷ್ಟು ದೀರ್ಘಕಾಲ ಆ ಹುದ್ದೆಯಲ್ಲಿದ್ದವರು ಬೇರೊಬ್ಬರಿಲ್ಲ. ಇಲ್ಲಿ ಒಂದು ವ್ಯತ್ಯಾಸವನ್ನು ಸ್ಪಷ್ಟಪಡಿಸಿಕೊಳ್ಳಬೇಕು. ನ್ಯಾಯಾಲಯದಲ್ಲಿ ಅಟಾರ್ನಿ ಜನರಲ್ ಸರ್ಕಾರದ ವಕೀಲ. 1950ರ ಎ.ಕೆ. ಗೋಪಾಲನ್ ಪ್ರಕರಣದಲ್ಲಿ ಅವರು ವಿಚಾರಣೆಯಿಲ್ಲದೆ ಕೂಡಿಹಾಕಲು ಅವಕಾಶ ಕೊಡುವ ಮುಂಜಾಗ್ರತಾ ಬಂಧನದ ಕಾಯ್ದೆಯನ್ನು ಸಮರ್ಥಿಸಿದರು. ಎದುರು ನಿಂತವರು ಮಂಗಳೂರಿನಲ್ಲಿ ವೃತ್ತಿ ಆರಂಭಿಸಿದ್ದ ಎಂ.ಕೆ. ನಂಬಿಯಾರ್. ಬಹುಮತ ಸೆತಲ್ವಾಡರ ವಾದವನ್ನು ಒಪ್ಪಿತು, ಆದರೆ ಸ್ವಾತಂತ್ರ್ಯವನ್ನು ಕಸಿಯುವ ವಿಧಾನ ನ್ಯಾಯಯುತವಾಗಿರಬೇಕು ಎಂದ 1978ರ ಮೇನಕಾ ಗಾಂಧಿ ತೀರ್ಪಿನ ನಂತರ ಕಾನೂನು ನಂಬಿಯಾರರ ಕಡೆಗೇ ವಾಲಿದೆ. ಆ ಗೆಲುವನ್ನು ಸೆತಲ್ವಾಡರ ಹಿರಿಮೆಯ ಪಟ್ಟಿಗೆ ಸೇರಿಸಲು ನನಗೆ ಮನಸ್ಸಾಗುವುದಿಲ್ಲ.

ಹುದ್ದೆಯ ಇನ್ನೊಂದು ಮುಖ ಕಂಡದ್ದು 1958ರಲ್ಲಿ. ಜೀವ ವಿಮಾ ನಿಗಮವು ಹರಿದಾಸ್ ಮುಂಧ್ರಾ ಅವರ ಕಂಪನಿಗಳ ಷೇರುಗಳನ್ನು ಸುಮಾರು 1.24 ಕೋಟಿ ರೂಪಾಯಿಗೆ ಕೊಂಡ ವ್ಯವಹಾರವನ್ನು ಫಿರೋಜ್ ಗಾಂಧಿ ಲೋಕಸಭೆಯಲ್ಲಿ ಬಯಲಿಗೆಳೆದ ಮೇಲೆ ನ್ಯಾಯಮೂರ್ತಿ ಎಂ.ಸಿ. ಛಾಗ್ಲಾ ಅವರ ಏಕಸದಸ್ಯ ಆಯೋಗ ನೇಮಕವಾಯಿತು. ಆಯೋಗಕ್ಕೆ ನೆರವಾಗಲು ಬಂದ ಅಟಾರ್ನಿ ಜನರಲ್ ಸರ್ಕಾರದ ರಕ್ಷಣೆಗೆ ನಿಲ್ಲಲಿಲ್ಲ. ಕಾರ್ಯದರ್ಶಿ ಮಾಡಿದ್ದು ನನಗೆ ತಿಳಿಯದು ಎಂದು ಹಣಕಾಸು ಸಚಿವರು ನುಣುಚಿಕೊಳ್ಳುವಂತಿಲ್ಲ, ಇಲಾಖೆಯ ಕೃತ್ಯಕ್ಕೆ ಸಚಿವರೇ ಸಾಂವಿಧಾನಿಕವಾಗಿ ಹೊಣೆ ಎಂಬ ನಿಲುವನ್ನು ಮಂಡಿಸಿದರು. ಆಯೋಗ ಅದನ್ನು ಒಪ್ಪಿತು, ಹಣಕಾಸು ಸಚಿವ ಟಿ.ಟಿ. ಕೃಷ್ಣಮಾಚಾರಿ ರಾಜೀನಾಮೆ ಕೊಟ್ಟರು. ಮಂತ್ರಿಗಳ ಹೊಣೆಗಾರಿಕೆಯ ಬಗ್ಗೆ ಉತ್ತರ ಬರೆಯುವವರು ಈ ಪ್ರಕರಣವನ್ನು ಬಿಡಬಾರದು.

ಅದೇ ವರ್ಷ ಅವರ ಅಧ್ಯಕ್ಷತೆಯ ಕಾನೂನು ಆಯೋಗ ತನ್ನ 14ನೆಯ ವರದಿಯನ್ನು ಸಲ್ಲಿಸಿತು. ಹೈಕೋರ್ಟುಗಳ ನೇಮಕಾತಿಯಲ್ಲಿ ಅರ್ಹತೆಯನ್ನು ಬದಿಗೊತ್ತಿ ಪ್ರಾದೇಶಿಕ, ಕೋಮುಸಂಬಂಧಿ ಮತ್ತು ರಾಜಕೀಯ ಲೆಕ್ಕಾಚಾರಗಳು ನುಸುಳುತ್ತಿವೆ ಎಂದು ಅದು ನೇರವಾಗಿ ಹೇಳಿತು. ಮುಖ್ಯ ನ್ಯಾಯಮೂರ್ತಿಯ ಆಯ್ಕೆಗೆ ಹಿರಿತನವೊಂದೇ ಆಧಾರವಾಗಬಾರದು, ಆಡಳಿತ ಸಾಮರ್ಥ್ಯವೂ ನ್ಯಾಯಾಂಗದ ಸ್ವಾತಂತ್ರ್ಯವನ್ನು ಕಾಯುವ ದೃಢತೆಯೂ ಬೇಕು ಎಂದೂ ಶಿಫಾರಸು ಮಾಡಿತು.

ಈ ಶಿಫಾರಸಿಗೆ ಹದಿನೈದು ವರ್ಷಗಳ ನಂತರ ವಿಚಿತ್ರವಾದ ಗತಿ ಬಂತು. 1973ರ ಏಪ್ರಿಲ್‌ನಲ್ಲಿ, ಸಂವಿಧಾನದ ಮೂಲ ರಚನೆಯನ್ನು ಸಂಸತ್ತು ಬದಲಿಸುವಂತಿಲ್ಲ ಎಂದ, ಎಡನೀರು ಮಠದ ಕೇಶವಾನಂದ ಭಾರತೀ ಪ್ರಕರಣದ ತೀರ್ಪು ಹೊರಬಿದ್ದ ಬೆನ್ನಿಗೇ, ಸರ್ಕಾರವು ಆ ತೀರ್ಪಿನಲ್ಲಿ ತನ್ನ ವಿರುದ್ಧ ನಿಂತಿದ್ದ ಶೆಲಟ್, ಕಾರ್ಕಳ ತಾಲೂಕಿನ ಕೆ.ಎಸ್. ಹೆಗ್ಡೆ ಮತ್ತು ಗ್ರೋವರ್ ಎಂಬ ಮೂವರು ಹಿರಿಯರನ್ನು ದಾಟಿ ಎ.ಎನ್. ರೇ ಅವರನ್ನು ಮುಖ್ಯ ನ್ಯಾಯಮೂರ್ತಿಯಾಗಿ ನೇಮಿಸಿತು. ಅದನ್ನು ಸಮರ್ಥಿಸಿಕೊಳ್ಳಲು ಸಚಿವ ಮೋಹನ್ ಕುಮಾರಮಂಗಲಂ ಲೋಕಸಭೆಯಲ್ಲಿ ಆಧಾರವಾಗಿ ಎತ್ತಿಹಿಡಿದದ್ದು ಸೆತಲ್ವಾಡ್ ಆಯೋಗದ ವರದಿಯನ್ನೇ. 88 ವರ್ಷದ ಸೆತಲ್ವಾಡ್ ಮೌನವಾಗಿರಲಿಲ್ಲ. ಛಾಗ್ಲಾ, ವಕೀಲ ಪಾಲ್ಖೀವಾಲಾ ಮೊದಲಾದವರೊಂದಿಗೆ ಆ ನೇಮಕವನ್ನು ಖಂಡಿಸುವ ಹೇಳಿಕೆಗೆ ಸಹಿ ಹಾಕಿದರು. ಆಯೋಗ ಕೇಳಿದ್ದು ಹೆಚ್ಚು ಸಮರ್ಥರನ್ನು, ಸರ್ಕಾರಕ್ಕೆ ಹೆಚ್ಚು ಒಗ್ಗುವವರನ್ನಲ್ಲ. ಹೀಗಾಗಿ ನ್ಯಾಯಾಂಗದ ನೇಮಕಾತಿಯನ್ನು ಓದುವವರು 14ನೆಯ ವರದಿಯ ಆ ಭಾಗವನ್ನು 1973ರ ಈ ಹೇಳಿಕೆಯೊಂದಿಗೆ ಸೇರಿಸಿಯೇ ಓದಬೇಕು.