ಬಯಲುಸೀಮೆಯ ಅಳತೆಯಲ್ಲಿ ಕೊಡಗಿನ ರಸ್ತೆ

ಕೊಡಗಿಗೆ ರೈಲಿಲ್ಲ. ಕಾಫಿ, ಕರಿಮೆಣಸು ಹೊರಗೆ ಹೋಗಲಿಕ್ಕೂ, ಅಕ್ಕಿ, ಸಿಮೆಂಟು, ಗ್ಯಾಸ್ ಸಿಲಿಂಡರ್ ಒಳಗೆ ಬರಲಿಕ್ಕೂ ರಸ್ತೆಯೇ ಗತಿ. ರಾತ್ರಿ ಹೊತ್ತು ಹೆರಿಗೆ ನೋವು ಬಂದವರನ್ನು ಮಡಿಕೇರಿಗೋ ಮೈಸೂರಿಗೋ ಕರೆದೊಯ್ಯಲಿಕ್ಕೂ ಅದೇ. 4,102 ಚದರ ಕಿ.ಮೀ. ವಿಸ್ತಾರದ ಜಿಲ್ಲೆ, 2011ರ ಜನಗಣತಿಯಂತೆ ಐದೂವರೆ ಲಕ್ಷ ಜನ. ಇಲ್ಲಿ ರಸ್ತೆ ಕೆಟ್ಟರೆ ಬರೀ ಪ್ರಯಾಣ ತಡವಾಗುವುದಲ್ಲ, ಊರೇ ನಿಂತುಹೋಗುತ್ತದೆ.

ಪ್ರತಿ ಮಳೆಗಾಲವೂ ಇದನ್ನು ನೋಡುತ್ತೇವೆ. ಬರೆ, ಅಂದರೆ ರಸ್ತೆ ಬದಿಯ ಕಡಿದಾದ ಮಣ್ಣಿನ ಇಳಿಜಾರು, ಕುಸಿಯುತ್ತದೆ. ಜೆಸಿಬಿ ಬಂದು ಮಣ್ಣು ತೆಗೆಯುತ್ತದೆ. ಅಂಚಿಗೆ ಮರಳು ಚೀಲ ಜೋಡಿಸುತ್ತಾರೆ. ಮಳೆ ನಿಂತ ಮೇಲೆ ಡಾಂಬರು ಬೀಳುತ್ತದೆ, ಮುಂದಿನ ಜೂನ್‌ಗೆ ಮತ್ತೆ ಅದೇ ಕಥೆ. ದುಡ್ಡು ಸಾಲದು, ಗುತ್ತಿಗೆದಾರ ಸರಿಯಿಲ್ಲ ಎಂದು ಬೈದು ಸುಮ್ಮನಾಗುತ್ತೇವೆ, ಅಲ್ವಾ? ಆದರೆ ತೊಡಕು ಅದಕ್ಕಿಂತ ಹಳೆಯದು. ಈ ಬೆಟ್ಟದ ನಾಡಿನ ರಸ್ತೆಗಳನ್ನು ಮೊದಲಿನಿಂದಲೂ ಬೇರೆಯವರ ಅಗತ್ಯಕ್ಕೆ, ಬೇರೆ ನೆಲದ ಅಳತೆಗೆ ತಕ್ಕಂತೆ ಮಾಡಿದ್ದಾರೆ.

ಹಳೆಯ ಕೊಡಗಿಗೆ ದೊಡ್ಡ ರಸ್ತೆ ಬೇಕಾಗಿರಲಿಲ್ಲ. ಕಾಡು, ಕಡಿದಾದ ಘಟ್ಟ ಇವೇ ಕಾವಲು. ಶತ್ರುವನ್ನು ತಡೆಯಲು ತೋಡಿದ ಕಡಂಗಗಳು, ಅಂದರೆ ಆಳದ ಕಂದಕಗಳು, ಈಗಲೂ ತೋಟಗಳ ನಡುವೆ ಕಾಣಸಿಗುತ್ತವೆ. ಐನ್‌ಮನೆಗೆ, ಅಂದರೆ ಮನೆತನದ ಮೂಲ ಮನೆಗೆ, ಹೋಗಲು ಎರಡೂ ಬದಿ ಮಣ್ಣಿನ ಏರಿ ಇರುವ ಕಿರಿದಾದ ಓಣಿ. ಒಂದೊಂದು ಒಕ್ಕವೂ, ಅಂದರೆ ಮನೆತನವೂ, ತನ್ನ ಗದ್ದೆಯ ಮೇಲಿನ ಎತ್ತರದಲ್ಲಿ ಮನೆ ಮಾಡಿಕೊಂಡಿತ್ತು. ಬಯಲುಸೀಮೆಯ ಹಳ್ಳಿಯಂತೆ ಒತ್ತಾಗಿ ಕಟ್ಟಿದ ಕೇರಿ ಇಲ್ಲಿ ಕಡಿಮೆ. ಈ ಚದುರಿದ ನೆಲೆಯನ್ನು ನೆನಪಿಡಿ, ಮುಂದೆ ಇದು ದೊಡ್ಡ ಲೆಕ್ಕಕ್ಕೆ ಬರುತ್ತದೆ.

1791ರಲ್ಲಿ ಟಿಪ್ಪುವಿನ ವಿರುದ್ಧ ಹೊರಟ ಬ್ರಿಟಿಷರ ಬಾಂಬೆ ಸೈನ್ಯ ಜನರಲ್ ಅಬರ್‌ಕ್ರೋಂಬಿಯ ಕೈಕೆಳಗೆ ಮಲಬಾರಿನಿಂದ ಘಟ್ಟ ಹತ್ತಿತು. ಫಿರಂಗಿಗಳನ್ನು ಎಳೆದುಕೊಂಡು ಕೊಡಗಿನ ಮೂಲಕವೇ ಶ್ರೀರಂಗಪಟ್ಟಣದತ್ತ ಸಾಗಿತು. ಕೊಡಗಿನ ರಾಜ ದೊಡ್ಡ ವೀರರಾಜೇಂದ್ರ ಬ್ರಿಟಿಷರ ಜೊತೆಗಿದ್ದ. 1834ರಲ್ಲಿ ಕೊಡಗು ಬ್ರಿಟಿಷರ ಕೈಸೇರಿತು. 1854ರಲ್ಲಿ ಫೌಲರ್ ಎಂಬ ಯುರೋಪಿಯನ್ ಮಡಿಕೇರಿಯಲ್ಲಿ ಕಾಫಿ ತೋಟ ಶುರು ಮಾಡಿದ, ಅವನ ಹಿಂದೆ ಬೇರೆ ತೋಟದ ದೊರೆಗಳೂ ಬಂದರು. ಆಮೇಲೆ ರಸ್ತೆಯ ಕೆಲಸವೇ ಬದಲಾಯಿತು. ಕಾಫಿ ಮೂಟೆ ಗಾಡಿಯಲ್ಲಿ ಬಂದರು ಸೇರಬೇಕು. ವಿರಾಜಪೇಟೆಯಿಂದ ಪೆರುಂಬಾಡಿ, ಮಾಕುಟ್ಟ ಇಳಿದು ತಲಶ್ಶೇರಿಗೆ. ಮಡಿಕೇರಿಯಿಂದ ಸಂಪಾಜೆ ಇಳಿದು ಸುಳ್ಯದ ಮೇಲೆ ಮಂಗಳೂರಿಗೆ. ಪೂರ್ವಕ್ಕೆ ಕುಶಾಲನಗರ ದಾಟಿ ಮೈಸೂರಿಗೆ. ಇವತ್ತಿನ ನಕ್ಷೆಯ ಬೆನ್ನೆಲುಬೂ ಇವೇ ದಾರಿಗಳು. ಕೊಡಗಿನಿಂದ ಹೊರಗೆ ಹೋಗುವ ರಸ್ತೆ ಮೊದಲು ಬಂತು. ಕೊಡಗಿನೊಳಗೆ ಊರಿಂದ ಊರಿಗೆ ಹೋಗುವ ರಸ್ತೆಯ ಸರದಿ ಬಹಳ ತಡವಾಗಿ ಬಂತು.

ದೇಶಕ್ಕೆಲ್ಲ ಒಂದೇ ರಸ್ತೆ ಯೋಜನೆ ಎಂಬ ಯೋಚನೆ ಗಟ್ಟಿಯಾದದ್ದು 1943ರ ನಾಗ್ಪುರ ಯೋಜನೆಯಲ್ಲಿ. ಮುಖ್ಯ ಎಂಜಿನಿಯರುಗಳು ಸೇರಿ ರಸ್ತೆಗಳನ್ನು ದರ್ಜೆಗಳಾಗಿ ವಿಂಗಡಿಸಿದರು. ರಾಷ್ಟ್ರೀಯ ಹೆದ್ದಾರಿಯಿಂದ ಹಿಡಿದು ಹಳ್ಳಿ ರಸ್ತೆಯವರೆಗೆ ಈಗಲೂ ಬಳಸುವ ಹೆಸರುಗಳ ಬೇರು ಅಲ್ಲಿದೆ. ನೂರು ಚದರ ಕಿ.ಮೀ.ಗೆ 16 ಕಿ.ಮೀ. ರಸ್ತೆ ಎಂಬುದು ಆಗಿನ ಗುರಿ. 1961ರಲ್ಲಿ ಶುರುವಾದ ಎರಡನೇ ಯೋಜನೆ ಅದನ್ನು 32ಕ್ಕೆ, 1981ರಲ್ಲಿ ಶುರುವಾದ ಮೂರನೆಯದು 82ಕ್ಕೆ ಏರಿಸಿತು. ಈ ನಡುವೆ ಕೊಡಗು ಸಿ ದರ್ಜೆಯ ರಾಜ್ಯವಾಗಿ, ಸಿ. ಎಂ. ಪೂಣಚ್ಚ ಅವರ ಮಂತ್ರಿಮಂಡಲ ಕಂಡು, 1956ರ ನವೆಂಬರ್ 1ರಂದು ಮೈಸೂರು ರಾಜ್ಯದಲ್ಲಿ ವಿಲೀನವಾಯಿತು.

ಉದ್ದದ ಲೆಕ್ಕ ಬಯಲಿಗೆ ಸರಿ. ಬೆಟ್ಟದಲ್ಲಿ ಎದುರಿಗೇ ಕಾಣುವ ಮನೆಗೆ ಹೋಗಲು ಹೊಳೆ ದಾಟಿ ಗುಡ್ಡ ಸುತ್ತಬೇಕು. ರಸ್ತೆ ಎಷ್ಟು ಉದ್ದ ಇದೆ ಎಂಬುದರಿಂದ ಎಷ್ಟು ಮನೆ ಮುಟ್ಟಿದೆ ಎಂದು ತಿಳಿಯುವುದಿಲ್ಲ.

ಮನೆ ಮುಟ್ಟಿಸುವ ಮಾತು ಬಂದದ್ದು 2000ದ ಡಿಸೆಂಬರ್ 25ರಂದು, ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆಯ ಜೊತೆ. ಸರ್ವಋತು ರಸ್ತೆ ಇಲ್ಲದ ಪ್ರತಿ ಜನವಸತಿಗೂ ಒಂದು ರಸ್ತೆ ಎಂಬ ಗುರಿ ಒಳ್ಳೆಯದೇ. ಆದರೆ 2001ರ ಜನಗಣತಿಯಂತೆ ಅಲ್ಲಿ ಕನಿಷ್ಠ 500 ಜನ ಇರಬೇಕಿತ್ತು. ಗುಡ್ಡಗಾಡು ರಾಜ್ಯಗಳಿಗೆ, ಪರಿಶಿಷ್ಟ ಬುಡಕಟ್ಟು ಪ್ರದೇಶಗಳಿಗೆ 250 ಸಾಕಿತ್ತು. ಕರ್ನಾಟಕ ಆ ಗುಡ್ಡಗಾಡು ರಾಜ್ಯಗಳ ಪಟ್ಟಿಯಲ್ಲಿಲ್ಲ. ಈಗ ಹೇಳಿ, ತೋಟಕ್ಕೊಂದು ಮನೆ, ಗದ್ದೆಯ ಆಚೆ ಇನ್ನೊಂದು ಮನೆ ಇರುವ ಊರಿನಲ್ಲಿ 500 ಜನರನ್ನು ಒಂದೇ ಕಡೆ ಎಲ್ಲಿ ತೋರಿಸುವುದು? ಬೆಟ್ಟ ಬೆಟ್ಟವೇ, ಅದು ಯಾವ ರಾಜ್ಯದಲ್ಲಿದೆ ಎಂದು ಮಳೆ ಕೇಳುವುದಿಲ್ಲ. ಈ ಕೊರತೆ ತುಂಬಲು ರಾಜ್ಯ ಸರ್ಕಾರ ತಂದ ‘ನಮ್ಮ ಗ್ರಾಮ ನಮ್ಮ ರಸ್ತೆ’ಯಂಥ ಯೋಜನೆಗಳಿಂದ ಒಂದಿಷ್ಟು ಒಳರಸ್ತೆಗಳು ಸುಧಾರಿಸಿದವು.

ಎಲ್ಲರಿಗಿಂತ ಹಿಂದೆ ಉಳಿದವರು ಹಾಡಿಗಳಲ್ಲಿ, ಅಂದರೆ ಬುಡಕಟ್ಟು ಜನರ ಸಣ್ಣ ವಸತಿಗಳಲ್ಲಿ, ಇರುವವರು. ಯರವ, ಜೇನುಕುರುಬ ಕುಟುಂಬಗಳ ಎಷ್ಟೋ ಹಾಡಿಗಳು ಕಾಡಿನ ಅಂಚಿನಲ್ಲೋ ಒಳಗೋ ಇವೆ. ಅರಣ್ಯ ಇಲಾಖೆ ಒಪ್ಪುವುದಿಲ್ಲ ಎಂಬ ಒಂದೇ ಮಾತಿಗೆ ಕಡತ ಮುಚ್ಚುತ್ತದೆ. ಆದರೆ 2006ರ ಅರಣ್ಯ ಹಕ್ಕು ಕಾಯ್ದೆಯಲ್ಲೇ ದಾರಿ ಇದೆ. ಗ್ರಾಮಸಭೆ ಶಿಫಾರಸು ಮಾಡಿದರೆ ರಸ್ತೆ, ಶಾಲೆ, ಅಂಗನವಾಡಿಯಂಥ ಸೌಲಭ್ಯಕ್ಕೆ ಒಂದು ಹೆಕ್ಟೇರ್‌ಗಿಂತ ಕಡಿಮೆ ಅರಣ್ಯ ಭೂಮಿ ಬಳಸಬಹುದು, ಹೆಕ್ಟೇರಿಗೆ 75ಕ್ಕಿಂತ ಜಾಸ್ತಿ ಮರ ಕಡಿಯುವಂತಿಲ್ಲ. ಇದು ದಯೆಯಿಂದ ಕೊಡುವುದಲ್ಲ, ಕಾನೂನಿನಲ್ಲಿ ಬರೆದಿಟ್ಟ ಹಕ್ಕು.

ಇನ್ನು ನೀರಿನ ವಿಷಯ. ನನ್ನ ಮಟ್ಟಿಗೆ ಕೊಡಗಿನ ರಸ್ತೆಯ ನಿಜವಾದ ಚರಿತ್ರೆ ಇದೇ. ಕುಶಾಲನಗರದ ಕಡೆ ವರ್ಷಕ್ಕೆ ಸಾವಿರ ಮಿಲಿಮೀಟರ್ ಆಸುಪಾಸು ಮಳೆ. ಮಡಿಕೇರಿಯಲ್ಲಿ ಮೂರು ಸಾವಿರ ದಾಟುತ್ತದೆ. ಭಾಗಮಂಡಲದ ಕಡೆ ಇನ್ನೂ ಜಾಸ್ತಿ. ಒಂದೇ ಜಿಲ್ಲೆಯೊಳಗೆ ಇಷ್ಟು ವ್ಯತ್ಯಾಸ ಇರುವಾಗ ಎಲ್ಲ ಕಡೆ ಒಂದೇ ಅಂದಾಜುಪಟ್ಟಿ ಹೇಗೆ ನಡೆದೀತು?

ಬೆಟ್ಟದ ರಸ್ತೆ ಹಾಳಾಗುವ ಬಗೆ ನೋಡಿ. ಮೇಲಿನ ಬರೆಯಿಂದ ಇಳಿದ ನೀರು ಒಳಬದಿಯ ಚರಂಡಿ ಸೇರಬೇಕು. ಅಲ್ಲಿಂದ ಮೋರಿಯ ಮೂಲಕ ರಸ್ತೆಯ ಅಡಿಯಲ್ಲಿ ದಾಟಿ ಕೆಳಗಿನ ತೋಡಿಗೆ ಹೋಗಬೇಕು. ಸಿಲ್ವರ್ ಓಕ್ ಎಲೆ, ಹೂಳು ಸೇರಿ ಮೋರಿಯ ಬಾಯಿ ಕಟ್ಟಿದರೆ ನೀರು ರಸ್ತೆಯ ಮೇಲೇ ಹರಿಯುತ್ತದೆ. ಡಾಂಬರಿನ ಅಂಚಿನಲ್ಲಿ ಇಂಗಿ ಕೆಳಗಿನ ಜಲ್ಲಿಯನ್ನು ಸಡಿಲ ಮಾಡುತ್ತದೆ. ಅದರ ಮೇಲೆ ಮರ ತುಂಬಿದ ಲಾರಿ ಹೋದರೆ ಗುಂಡಿ ಬೀಳುತ್ತದೆ. ಉಳಿದ ನೀರು ಹೊರ ಅಂಚನ್ನು ಕೊರೆಯುತ್ತದೆ, ಒಂದು ರಾತ್ರಿ ಅರ್ಧ ರಸ್ತೆಯೇ ಜಾರುತ್ತದೆ. ನಾವು ನೋಡುವುದು ಗುಂಡಿಯನ್ನು. ತಪ್ಪು ಆಗಿದ್ದು ಮೋರಿಯ ಬಾಯಲ್ಲಿ, ಅದೂ ಏಪ್ರಿಲ್‌ನಲ್ಲೇ.

ಹಿಂದೆ ಲೋಕೋಪಯೋಗಿ ಇಲಾಖೆಯಲ್ಲಿ ಗ್ಯಾಂಗ್ ಕೆಲಸಗಾರರಿದ್ದರು. ಗುದ್ದಲಿ ಹಿಡಿದು ತಮ್ಮ ತಮ್ಮ ಪಾಲಿನ ರಸ್ತೆಯ ಚರಂಡಿ ಬಿಡಿಸುವುದು ಅವರ ಕೆಲಸ. ಎಲ್ಲಿ ಒರತೆ ಏಳುತ್ತದೆ, ಯಾವ ತಿರುವಿನಲ್ಲಿ ಮಣ್ಣು ಸಡಿಲ ಎಂದು ಅವರಿಗೆ ಗೊತ್ತಿತ್ತು. ಆ ವ್ಯವಸ್ಥೆ ಕರಗಿ, ಕೆಲಸ ಟೆಂಡರ್‌ಗೆ ಹೋಯಿತು. ಮಾರ್ಚ್‌ಗೆ ಹಣಕಾಸು ವರ್ಷ ಮುಗಿಯುತ್ತದೆ. ಹೊಸ ವರ್ಷದ ಅನುದಾನ, ಮಂಜೂರಾತಿ, ಟೆಂಡರ್ ಮುಗಿಯುವಷ್ಟರಲ್ಲಿ ಮಳೆ ಹಿಡಿದಿರುತ್ತದೆ. ಚರಂಡಿ ಬಿಡಿಸಬೇಕಾದ ಹೊತ್ತು ಕಾಗದದಲ್ಲೇ ಕಳೆಯುತ್ತದೆ.

ದರ್ಜೆಯ ತೊಡಕೂ ಇದರ ಜೊತೆಗಿದೆ. ತೋಟದಿಂದ ಮಡಿಕೇರಿಗೆ ಹೊರಟವರು ಪಂಚಾಯಿತಿ ರಸ್ತೆ, ಜಿಲ್ಲಾ ಮುಖ್ಯ ರಸ್ತೆ, ಹೆದ್ದಾರಿ ಎಂದು ಮೂರು ಯಜಮಾನರ ರಸ್ತೆಯಲ್ಲಿ ಹೋಗುತ್ತಾರೆ. ಮೇಲಿನ ರಸ್ತೆಯ ಚರಂಡಿ ನೀರು ಕೆಳಗಿನ ರಸ್ತೆಗೆ ಬೀಳುತ್ತದೆ, ಜವಾಬ್ದಾರಿ ಮಾತ್ರ ಯಾರಿಗೂ ಬೀಳುವುದಿಲ್ಲ. ಸಡಕ್ ಯೋಜನೆಯ ರಸ್ತೆಗಾದರೆ ಗುತ್ತಿಗೆದಾರನೇ ಐದು ವರ್ಷ ನಿರ್ವಹಣೆ ಮಾಡಬೇಕೆಂಬ ಕರಾರಿದೆ. ಆರನೇ ವರ್ಷದಿಂದ ಅದೂ ಅನುದಾನದ ಸಾಲಿನಲ್ಲಿ ನಿಲ್ಲುತ್ತದೆ.

2018 ಇದನ್ನೆಲ್ಲ ಒಟ್ಟಿಗೆ ತೋರಿಸಿತು. ಜೂನ್‌ನಲ್ಲಿ ಮಾಕುಟ್ಟ ರಸ್ತೆ ಕುಸಿದು ಕೇರಳದ ದಾರಿ ಮುಚ್ಚಿತು. ಆಗಸ್ಟ್‌ನಲ್ಲಿ ಜೋಡುಪಾಲ, ಮದೆನಾಡು ಕಡೆ ಗುಡ್ಡ ಜಾರಿ ಜೀವಗಳು ಹೋದವು, ಮಂಗಳೂರು ರಸ್ತೆ ವಾರಗಟ್ಟಲೆ ಬಂದ್. ಮಕ್ಕಂದೂರು, ಹಟ್ಟಿಹೊಳೆ, ಮುಕ್ಕೋಡ್ಲು ಕಡೆಯವರು ಬೆಟ್ಟ ಹತ್ತಿ ಇಳಿದು ಜೀವ ಉಳಿಸಿಕೊಂಡರು. ಕರಾವಳಿಗೆ ಹೋಗಲು ಭಾಗಮಂಡಲ, ಕರಿಕೆಯ ಕಿರಿದಾದ ರಸ್ತೆಯೇ ಆಸರೆಯಾಯಿತು. ಯಾರೂ ಲೆಕ್ಕಕ್ಕಿಡದ ರಸ್ತೆ ಜಿಲ್ಲೆಯನ್ನು ಹೊತ್ತಿತು. ಆಮೇಲೆ ಪರಿಶೀಲಿಸಿದ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆ, ಅತಿ ಮಳೆಯ ಜೊತೆಗೆ ರಸ್ತೆಗೆಂದು, ಕಟ್ಟಡಕ್ಕೆಂದು ಇಳಿಜಾರನ್ನು ಕಡಿದದ್ದೂ ಕಾರಣ ಎಂದಿತು. ಅಗಲ ಮಾಡಲು ಬರೆಯನ್ನು ನೆಟ್ಟಗೆ ಕತ್ತರಿಸಿ ಹಾಗೇ ಬಿಡುವ ರೂಢಿಗೆ ಇದಕ್ಕಿಂತ ಸ್ಪಷ್ಟ ಎಚ್ಚರಿಕೆ ಬೇಕಿರಲಿಲ್ಲ. ಕಾಂಕ್ರೀಟ್ ಒಂದೇ ಉತ್ತರವೂ ಅಲ್ಲ. 2022ರ ಮಳೆಗಾಲದಲ್ಲಿ ಮಡಿಕೇರಿಯ ಜಿಲ್ಲಾಧಿಕಾರಿ ಕಚೇರಿ ಬಳಿಯ ಹೊಸ ತಡೆಗೋಡೆಯೇ ಉಬ್ಬಿ, ಅದರ ಕೆಳಗಿನ ರಸ್ತೆಯಲ್ಲಿ ವಾಹನ ತಡೆಯಬೇಕಾಯಿತು.

ಪ್ರತಿ ಮಳೆಗಾಲಕ್ಕೆ ಜಿಲ್ಲಾಡಳಿತ ಭಾರೀ ವಾಹನ, ಮರಳು ಮತ್ತು ಮರ ಸಾಗಾಟಕ್ಕೆ ನಿರ್ಬಂಧ ಹಾಕುತ್ತದೆ. ಇದು ಸರಿಯಾದ ಕೆಲಸ. ಹಾಗೆಯೇ ಮಳೆಗೆ ಮೊದಲೇ ಖರ್ಚಾಗುವಂತೆ ನಿರ್ವಹಣೆಯ ಹಣವನ್ನು ಬೇರೆಯಾಗಿ ಇಡಬೇಕು, ಒಂದೊಂದು ಮೋರಿಗೂ ನಂಬರ್ ಕೊಟ್ಟು ಯಾರು ಯಾವಾಗ ಬಿಡಿಸಿದರು ಎಂದು ಪಂಚಾಯಿತಿ ಗೋಡೆಯ ಮೇಲೆ ಬರೆಯಬೇಕು. ಇದಕ್ಕೆ ಕೋಟಿಗಳೇನೂ ಬೇಡ.

ಮೈಸೂರಿನಿಂದ ಕುಶಾಲನಗರದವರೆಗೆ ಸುಮಾರು 92 ಕಿ.ಮೀ. ಚತುಷ್ಪಥ ಹೆದ್ದಾರಿಗೆ 2023ರ ಮಾರ್ಚ್‌ನಲ್ಲಿ ಶಂಕುಸ್ಥಾಪನೆ ಆಗಿದೆ. ಬೇಗ ಬಂದ ವಾಹನಗಳು ಅಲ್ಲಿಂದ ಮುಂದೆ ಹತ್ತುವುದು ಇದೇ ತಿರುವಿನ ರಸ್ತೆಗಳನ್ನು. ಅಬ್ಬಿ ಜಲಪಾತ, ಮಾಂದಲಪಟ್ಟಿ, ತಲಕಾವೇರಿಯ ಕಡೆಗೆ ವಾರದ ಕೊನೆಯಲ್ಲಿ ಈಗಲೇ ವಾಹನಗಳ ಸಾಲು ನಿಲ್ಲುತ್ತದೆ. ಈ ಒಳರಸ್ತೆಗಳ ಚರಂಡಿ, ಮೋರಿ, ಬರೆಗಳಿಗೆ ಎಷ್ಟು ಹಣ, ಯಾರ ಲೆಕ್ಕದಿಂದ ಬರುತ್ತದೆ ಎಂದು ಹೆದ್ದಾರಿ ಮುಗಿಯುವ ಮೊದಲೇ ನಮ್ಮ ಶಾಸಕರು, ಸಂಸದರು ಲಿಖಿತವಾಗಿ ಹೇಳಬೇಕು.